ಹೊಸ್ತಿಲಾಚೆಯ ಬೂಟು

ಸುಂದ್ರಮ್ಮ ನೆಟ್ಟಗೆ ಒಂದು ಗಳಿಗೆ ಕೂತದ್ದನ್ನು ನಾನು ಕಂಡವಳಲ್ಲ. ಅರಿಸಿನದ ಹೊಲದಲ್ಲಿ ದಿನವೆಲ್ಲ ಬಗ್ಗಿ ಕೂಲಿ ಮಾಡಿ ಬಂದವಳು, ನಮ್ಮ ಮನೆ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಲೇ ಅಂಗಳದ ಕಸವನ್ನು ಕಾಲಲ್ಲಿ ಒಂದು ಕಡೆ ಒತ್ತರಿಸುತ್ತಾಳೆ. "ಕೂತ್ಕೊಳ್ಳೇ ತಾಯಿ, ನಿನ್ನ ನೋಡಿ ನನಗೆ ಸುಸ್ತಾಗ್ತದೆ" ಅಂದರೆ, "ಕೂತ್ರೆ ಜೋಮು ಇಡೀತದೆ ಟೀಚರಮ್ಮ" ಅನ್ನುತ್ತಾಳೆ. ಚಂದಕವಾಡಿ ಹೋಬಳಿಯ ಈ ಊರಿನ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರಗಿರಿ ಮಾಡುತ್ತಿದ್ದೇನೆ. ಮಕ್ಕಳು ಎದುರಿಗೆ ಗಂಗಾಂಬಿಕೆ ಟೀಚರ್ ಅನ್ನುತ್ತವೆ, ಹಿಂದಿನಿಂದ ಏನನ್ನುತ್ತವೆ ಅನ್ನುವುದೂ ನನಗೆ ಗೊತ್ತು. ನನ್ನ ಬಾಯಿಗೆ ಹೆದರದ ಹೆಂಗಸು ಈ ಊರಲ್ಲಿ ಇವಳೊಬ್ಬಳೇ.

ಅವಳ ಹಟ್ಟಿಗೆ ಒಂದು ಕಟ್ಟಳೆ ಇತ್ತು. ಎಕ್ಕಡ ಹೊಸ್ತಿಲು ದಾಟಬಾರದು. ಎಲ್ಲರ ಮನೆಯಲ್ಲೂ ಚಪ್ಪಲಿ ಹೊರಗೇ ಬಿಡುತ್ತಾರೆ, ಅದೇನು ದೊಡ್ಡದಲ್ಲ. ಇವಳದ್ದು ಅತಿ. ಗಂಡ ಮುದ್ದಯ್ಯ ಕರಿಕಲ್ಲಿನ ಕ್ವಾರಿಯಿಂದ ವಾರಕ್ಕೊಮ್ಮೆ ಬಂದಾಗ ಅವನ ಎಕ್ಕಡ ಜಗಲಿಯ ಮೇಲೂ ಇರುವಂತಿರಲಿಲ್ಲ, ಚರಂಡಿ ಪಕ್ಕದ ಕಲ್ಲಿನ ಮೇಲಿರಬೇಕು. ಒಂದು ಸಲ ನಲ್ಲಿ ಹತ್ತಿರ ಜಗಳವಾಗಿ, ಎದುರು ಮನೆಯ ದೊಡ್ಡಮಾದಮ್ಮ "ನಿನ್ ಕತ್ಗೆ ಎಕ್ಕಡದ ಆರ ಆಕುಸ್ದೆ ಇದ್ರೆ ಕೇಳಮ್ಮಿ" ಅಂದುಬಿಟ್ಟಿದ್ದಳು. ಕೊರಳಿಗೆ ಚಪ್ಪಲಿ ಹಾರ ಅನ್ನುವುದಕ್ಕಿಂತ ಕೀಳಾದ ಮಾತು ನಮ್ಮ ಕಡೆ ಇಲ್ಲ. ಸುಂದ್ರಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ, ದೊಡ್ಡಮಾದಮ್ಮನ ಜೊತೆ ಒಂದು ವರ್ಷ ಮಾತು ಬಿಟ್ಟಳು.

ಇಂಥವಳ ಹೊಟ್ಟೆಯಲ್ಲಿ ಭವ್ಯ ಹುಟ್ಟಿದಳು. ಎರಡು ವರ್ಷಕ್ಕೇ ಪೋಲಿಯೋ ಬಂದು ಬಲಗಾಲು ಸೊರಗಿತು, ಮಂಡಿ ಮಡಚಿಕೊಂಡಿತು. ನನ್ನ ಶಾಲೆಗೆ ಅವಳು ಬಂದದ್ದೆಲ್ಲ ಅವ್ವನ ಬೆನ್ನ ಮೇಲೆ. ಹದಿನೈದನೇ ವರ್ಷದಲ್ಲಿ ಮೈಸೂರಿನಲ್ಲಿ ಆಪರೇಷನ್ ಆಗಿ ಮಂಡಿ ನೆಟ್ಟಗಾಯಿತು, ಕಾಲಿಗೆ ಕ್ಯಾಲಿಪರ್ ಬಂತು. ಎರಡು ಕಡೆ ಕಬ್ಬಿಣದ ಪಟ್ಟಿ, ತೊಡೆಗೂ ಮಂಡಿಗೂ ಚರ್ಮದ ಬೆಲ್ಟು, ಕೆಳಗೊಂದು ಕಪ್ಪು ಬೂಟು. ಎಡಗಾಲಿಗೆ ಅದಕ್ಕೆ ಜೊತೆಯಾಗಿ ಇನ್ನೊಂದು. ಊರಿನ ಬಾಯಲ್ಲಿ ಎಲ್ಲ ಸೇರಿ ಬರೀ ಬೂಟು. ಭವ್ಯ ಮೊದಲ ದಿನ ತಾನೇ ನಡೆದು ಹೈಸ್ಕೂಲಿನ ಬಸ್ಸಿಗೆ ಹೋದಾಗ ನಾನು ಪಾಠ ನಿಲ್ಲಿಸಿ ಕಿಟಕಿಯಲ್ಲಿ ನೋಡುತ್ತಾ ನಿಂತಿದ್ದೆ. ಅತ್ತುಬಿಟ್ಟೆ ಅಂತ ಬೇರೆ ಹೇಳಬೇಕೆ?

ಡಾಕ್ಟರು ಒಂದೇ ಮಾತು ಹೇಳಿದ್ದರು. ಹಗಲೆಲ್ಲ ಹಾಕಿರಬೇಕು. ಒಂದೆರಡು ತಿಂಗಳು ಬಿಟ್ಟರೆ ಮಂಡಿ ಮತ್ತೆ ಮಡಚಿಕೊಳ್ಳುತ್ತದೆ, ಮತ್ತೆ ಕೊಯ್ಯಲು ಆಗುವುದಿಲ್ಲ.

ಸುಂದ್ರಮ್ಮ ತಲೆಯಾಡಿಸಿ ಬಂದಳು. ಆದರೆ ಕಟ್ಟಳೆ ಕಟ್ಟಳೆಯೇ. ಭವ್ಯ ಮನೆಗೆ ಬಂದ ಕೂಡಲೇ ಜಗಲಿಯ ಮೇಲೆ ಬೂಟು ಬಿಚ್ಚಿ, ಒಳಗೆ ತೆವಳಬೇಕು. ಜಗಲಿಯವರೆಗೆ ಬಿಟ್ಟದ್ದೇ ಮಗಳ ಮೇಲಿನ ಪ್ರೀತಿ.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾದ ವರ್ಷ, ಕಾರ್ತಿಕದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದು, ಭಾನುವಾರ ಮಧ್ಯಾಹ್ನ ಊರ ಮೇಲಿನ ಕೆರೆಯ ಏರಿ ಒಡೆಯಿತು. ಕೆಳಗಲ ಬೀದಿಗೆ ನೀರು ಸೊಂಟದುದ್ದ ನುಗ್ಗಿತು. ಸುಂದ್ರಮ್ಮ ಗೋಡೆಯಿಂದ ದೇವರ ಪಟ ಕಿತ್ತುಕೊಂಡು, ಭವ್ಯಳನ್ನು ಬೆನ್ನಿಗೆ ಹಾಕಿಕೊಂಡು, ಹಿಂಬಾಗಿಲಿನಿಂದ ಓಡಿ ಶಾಲೆ ಸೇರಿದಳು. ಜಗಲಿ ಇದ್ದದ್ದು ಮುಂದುಗಡೆ. ಜಗಲಿಯ ಜೊತೆ ಬೂಟೂ ಹೋಯಿತು.

ಶಾಲೆ ಗಂಜಿ ಕೇಂದ್ರವಾಯಿತು. ಮಾರನೇ ದಿನ ನಷ್ಟದ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಗೋಡೆ, ದನಕರು, ಪಾತ್ರೆ, ದವಸ, ಬಟ್ಟೆ ಎಂದು ಗೆರೆ ಹೊಡೆದ ಕಾಗದ. ಸುಂದ್ರಮ್ಮ ಎರಡು ಕುರಿ, ರಾಗಿ ಮೂಟೆ, ತಾಮ್ರದ ಹಂಡೆ ಎಲ್ಲ ಹೇಳಿದಳು, ಬೂಟಿನ ಮಾತು ಎತ್ತಲಿಲ್ಲ. ಸರ್ಕಾರದ ಕಾಗದದಲ್ಲಿ, ನಾಲ್ಕು ಜನರ ಮುಂದೆ, ಎಕ್ಕಡ ಹೋಯಿತು ಎಂದು ಬರೆಸುವುದು ಅವಳಿಗೆ ನಾಚಿಕೆ. ನಾನಾದರೂ ಕೇಳಬೇಕಿತ್ತು. ಆ ಹುಡುಗಿ ಮೂಲೆಯಲ್ಲಿ ಗೋಡೆಗೊರಗಿ ಕೂತಿರುವುದು ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಗಂಜಿಗೆ ಸಾಲು ನಿಲ್ಲಿ ಅಂದವಳು ನಾನೇ, ನಿಲ್ಲಲಾರದವರಿಗೆ ಕೂತಲ್ಲಿಗೆ ಕೊಡಬೇಕು ಅನ್ನುವುದು ಹೊಳೆಯದೆ ಹೋದದ್ದೂ ನನಗೇ. ಸಾಲದ್ದಕ್ಕೆ ಇದೇ ಬಾಯಿ ಬೇರೆಯವರಿಗೆ ಬುದ್ಧಿ ಹೇಳುತ್ತದೆ.

ಮೂರನೇ ದಿನ ಭವ್ಯ ಗಂಜಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಅವ್ವ, ದೇವ್ರ ಪಟ ಎತ್ಕೊಂಡೆ. ನನ್ ಬೂಟ ಯಾಕೆ ಎತ್ಕಳ್ನಿಲ್ಲ?"

ಜೋರಾಗಿ ಕೇಳಲಿಲ್ಲ. ಆದರೂ ಇಡೀ ಕೋಣೆಗೆ ಕೇಳಿಸಿತು. ಸುಂದ್ರಮ್ಮ ಎದ್ದು ಹೊರಗೆ ಹೋದವಳು ಸಂಜೆಯವರೆಗೆ ಬರಲಿಲ್ಲ. ಹಳ್ಳದ ದಂಡೆಯಲ್ಲಿ, ಕೆಸರಿನಲ್ಲಿ ಕೈಹಾಕಿ ತಡಕುತ್ತಾ ಹುಡುಕಿದ್ದಳಂತೆ. ಸಿಕ್ಕಿದ್ದು ಯಾರದೋ ಸೌಟು. ಬಂದವಳೇ ನನ್ನ ಮುಂದೆ ನಿಂತಳು.

"ಟೀಚರಮ್ಮ, ಪಟ್ಟೀಲಿ ಬೂಟು ಬರೀರಿ."

"ಪಟ್ಟಿ ಆಗಲೇ ಕಚೇರಿಗೆ ಹೋಯ್ತಲ್ಲೇ!"

"ಓದ್ರೆ ಇನ್ನೊಂದು ಬರೀರಿ. ದಿನ ಓಯ್ತಾ ಅದೆ ಕಣ್ರವ್ವ, ದಿನ ಓಯ್ತಾ ಅದೆ."

ಅವತ್ತಿನಿಂದ ಅವಳು ದಿನ ಎಣಿಸತೊಡಗಿದಳು. ಬೆಳಗಾದರೆ ಭವ್ಯಳ ಮಂಡಿಯ ಕೆಳಗೆ ಬೆರಳು ತೂರಿಸಿ ನೋಡುವಳು, ನೆಲಕ್ಕೂ ಮಂಡಿಗೂ ನಡುವೆ ಎಷ್ಟು ಸಂದಿ ಬಂದಿದೆ ಎಂದು. ಹತ್ತನೇ ದಿನ ಒಂದು ಬೆರಳು ತೂರಿತು. ನಾನು ಸುಮ್ಮನಿರಲಾರದೆ ಹೊಸ ಕಾಗದ ತೆಗೆದು, ನಡೆಯಲಾಗದವರು, ಕಾಣದವರು, ಕೇಳದವರು ಯಾರ್ಯಾರಿದ್ದಾರೆ, ಅವರದ್ದು ಏನೇನು ಹೋಗಿದೆ ಎಂದು ಬರೆಯಲು ಕೂತೆ. ಸುಂದ್ರಮ್ಮನೇ ಮನೆಮನೆ ಸುತ್ತಿ ವಿಚಾರಿಸಿ ಬಂದಳು. ಕಣ್ಣಿಲ್ಲದ ಮಹದೇವಯ್ಯನಿಗೆ ಎರಡು ಕಂಬಳಿ ಸಿಕ್ಕಿತ್ತು, ತೇಲಿಹೋದ ಕೋಲು ಸಿಕ್ಕಿರಲಿಲ್ಲ. ಮುದುಕ ಹತ್ತು ದಿನದಿಂದ ಗೋಡೆ ಸವರಿಕೊಂಡೇ ಓಡಾಡುತ್ತಿದ್ದ. ಅವಳು ಅಲ್ಲೇ ಬೇಲಿಯ ಬಿದಿರು ಕಡಿದು, ಗಂಟು ಕೆರೆದು, ಅವನ ಕೈಗೆ ಕೊಟ್ಟಳು.

ಕಾಗದ ಹಿಡಿದು ನಾವಿಬ್ಬರೂ ಕಚೇರಿಗಳನ್ನು ಅಲೆದೆವು. ಒಂದರಲ್ಲಿ ಹೇಳಿದರು, ನೆರೆ ಪರಿಹಾರಕ್ಕೆ ಅಕ್ಕಿ, ಸೀಮೆಎಣ್ಣೆ, ಕಂಬಳಿ, ಸೀರೆ, ಪಂಚೆ, ಅಷ್ಟೇ. ಇನ್ನೊಂದರಲ್ಲಿ, ಅಂಗವಿಕಲರ ಫೈಲುಗಳು ಹಳೇ ಜಿಲ್ಲೆಯಿಂದ ಇನ್ನೂ ಬಂದಿಲ್ಲ, ಅಲ್ಲೇ ಕೇಳಿ. ಹಳೇ ಜಿಲ್ಲೆಯಲ್ಲಿ ಕೇಳಿದರೆ, ನೀವೀಗ ನಮ್ಮ ಜಿಲ್ಲೆಯವರಲ್ಲವಲ್ಲ! ಕನ್ನಡಕದ ಗುಮಾಸ್ತರೊಬ್ಬರು ಮಾತ್ರ ಸಮಾಧಾನದಿಂದ, "ಬೇಸಿಗೇಲಿ ಕ್ಯಾಂಪ್ ಮಾಡ್ತೀವಮ್ಮ, ಅಳತೆ ತಗೋತಾರೆ" ಅಂದರು.

"ಬೇಸ್ಗೆಗಂಟ ಮಂಡಿ ಕಾಯ್ತದಾ ಸ್ವಾಮಿ?" ಅಂದಳು ಸುಂದ್ರಮ್ಮ.

ಅವರು ನಮ್ಮ ಕಾಗದ ಮಡಚಿ ವಾಪಸ್ಸು ಕೊಟ್ಟರು. ನನ್ನ ಬಳಿ ಬೈಗುಳ ಇತ್ತು, ಬೈದೆ. ಪಾಪ, ಅವರೇನು ಮಾಡುತ್ತಾರೆ ಎಂದು ಆಮೇಲೆ ಅನ್ನಿಸಿತು, ಬೈಯುವಾಗ ಅನ್ನಿಸಲಿಲ್ಲ. ಹೊರಗೆ ಬಂದು ಸುಂದ್ರಮ್ಮ ಬಸ್‌ಸ್ಟ್ಯಾಂಡಿನ ಈ ಕಂಬದಿಂದ ಆ ಕಂಬಕ್ಕೆ ತಿರುಗುತ್ತಲೇ ಇದ್ದಳು. ಅವತ್ತಿಗೆ ಇಪ್ಪತ್ತಾರನೇ ದಿನ.

ದಾರಿ ತೋರಿಸಿದ್ದು ಮಹದೇವಯ್ಯ. ಕಣ್ಣು ಹೋಗುವ ಮೊದಲು ಅವನು ಗುಂಡ್ಲುಪೇಟೆಯಲ್ಲಿ ಜಟಕಾ ಹೊಡೆಯುತ್ತಿದ್ದ. ಬಿದಿರ ಕೋಲು ಕುಟ್ಟಿಕೊಂಡು ಬಂದು ಹೇಳಿದ: "ಅಲ್ಲಿ ರಹೀಂ ಸಾಬ್ರು ಅಂತವ್ರೆ ಕಣವ್ವ. ನನ್ ಕುದ್ರೆ ಸಾಮಾನೆಲ್ಲ ಅವ್ರೇ ಒಲೀತಿದ್ದುದ್ದು. ಅವ್ರ ಮನ್ಯೋರ್ಗೂ ಕಾಲು ಇಂಗೇಯ. ಅವ್ರೇ ಬೂಟು ಮಾಡ್ಕೊಟ್ಟವ್ರೆ. ಓಗಿ ಕೇಳು."

ಮುಂದಿನ ಭಾನುವಾರ ತಾಯಿ, ಮಗಳು, ನಾನು ಮೂವರೂ ಹೊರಟೆವು. ಭವ್ಯ ಅವ್ವನ ಬೆನ್ನ ಮೇಲೆ. ತೆರಕಣಾಂಬಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು, ಆದರೂ ಸುಂದ್ರಮ್ಮ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಬಂದಳು, ನಿಂತರೆ ಬಸ್ಸು ಬೇಗ ಹೋಗುತ್ತದೆ ಅನ್ನುವವಳ ಹಾಗೆ.

ಜಟಕಾಗಳು ಹೋದ ಮೇಲೆ ಅಬ್ದುಲ್ ರಹೀಂ ಬಸ್ಸಿನ ಸೀಟು, ಟ್ರಂಕು, ಸೈಕಲ್ ಬೆಲ್ಟು ಹೊಲಿಯುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಭವ್ಯಳ ಮಂಡಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದರು.

"ಸ್ವಲ್ಪ ಮಡಚ್ಕೊಂಡಿದೆಯಲ್ಲಮ್ಮ. ನಾನು ಬಲವಂತ ಮಾಡಲ್ಲ. ಕಬ್ಬಿಣ, ಚರ್ಮ ನನ್ನ ಕೆಲಸ. ಎಷ್ಟು ಬಿಗೀಬೇಕು ಅನ್ನೋದು ಡಾಕ್ಟ್ರು ಹೇಳ್ಬೇಕು. ಅವರಿಗೆ ತೋರಿಸ್ದೆ ಹಾಕ್ಬೇಡಿ."

ಅಳತೆ ತೆಗೆಯುವಾಗ ಒಳಗಿನಿಂದ ಅವರ ಹೆಂಡತಿ ಖುರ್ಷೀದ್ ಬೇಗಂ ಟೀ ತಂದರು. ಕಟಕ್, ಕಟಕ್ ಎಂದು ಕಬ್ಬಿಣದ ಸದ್ದು. ಅವರ ಎಡಗಾಲಿಗೆ ಭವ್ಯಳದ್ದರ ಹಾಗೆಯೇ ಪಟ್ಟಿ, ಬೆಲ್ಟು, ಬೂಟು. ಅದನ್ನು ಹಾಕಿಕೊಂಡೇ ಅಡುಗೆಮನೆಯಿಂದ ಬಂದಿದ್ದರು, ಲೋಟ ಕೊಟ್ಟು ಹಾಕಿಕೊಂಡೇ ಅಡುಗೆಮನೆಗೆ ಹೊರಟರು. ಸುಂದ್ರಮ್ಮನ ಕಣ್ಣು ಆ ಬೂಟಿನ ಹಿಂದೆಯೇ ಹೊಸ್ತಿಲು ದಾಟಿ ಒಳಗೆ ಹೋಯಿತು.

"ಅಮ್ಮಾ, ಒಲೆತಕ್ಕೂ ಆಕ್ಕೊಂಡೇ ಓಯ್ತೀರಾ?"

ಖುರ್ಷೀದ್ ಬೇಗಂ ತಿರುಗಿ ನಕ್ಕರು. "ನೆಲ ಕೊಳೆ ಆದ್ರೆ ಒರೆಸ್ಕೋಬೋದು. ಕಾಲು ಹೊರಗೆ ಬಿಟ್ಟು ನಾನು ಅಡುಗೆ ಹೆಂಗೆ ಮಾಡ್ಲಿ?"

ಸುಂದ್ರಮ್ಮ ಟೀ ಲೋಟ ಹಿಡಿದು ಕೂತೇ ಬಿಟ್ಟಳು. ಹೌದು, ಕೂತಳು, ಅಂಗಡಿಯ ಮೆಟ್ಟಿಲ ಮೇಲೆ. ಟೀ ತಣ್ಣಗಾಗುವವರೆಗೂ ಏಳಲಿಲ್ಲ. ನನಗೆ ಭಯವೇ ಆಯಿತು.

ಬೂಟು ಬಂದು, ಡಾಕ್ಟರು ನೋಡಿ, ಬೆಲ್ಟಿನ ತೂತು ಗುರುತು ಮಾಡಿ ಕಾಲಿಗೆ ಹಾಕಿದ್ದು ನಲವತ್ನಾಲ್ಕನೇ ದಿನ. ಸಂಪೂರ್ಣ ಗೆದ್ದೆವು ಎಂದು ಹೇಳಲಾರೆ. ಮಂಡಿಯ ಕೆಳಗೆ ಒಂದು ಬೆರಳಿನ ಸಂದಿ ಉಳಿದೇ ಹೋಯಿತು, ಭವ್ಯ ಮೊದಲಿಗಿಂತ ಸ್ವಲ್ಪ ಹೆಚ್ಚಾಗಿಯೇ ಕುಂಟುತ್ತಾಳೆ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತನ್ನ ಕಾಲಲ್ಲಿ ಹೋದಳು, ಪಾಸೂ ಆದಳು. ಪಟ್ಟಿ ಬರೆದ ದಿನವೇ ನಾನು ಒಂದು ಮಾತು ಕೇಳಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು.

ಹೊಸ ಗೋಡೆ, ಜಗಲಿ ಎದ್ದು ಮನೆಗೆ ಮರಳಿದ ದಿನ ಭವ್ಯ ಅಭ್ಯಾಸದಂತೆ ಜಗಲಿಯಲ್ಲಿ ಬೂಟು ಬಿಚ್ಚಲು ಕೂತಳು. ಸುಂದ್ರಮ್ಮ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಕೊನೆಗೆ ಒಂದು ಒದ್ದೆ ಗೋಣಿಚೀಲ ತಂದು ಹೊಸ್ತಿಲಿಗೆ ಹಾಸಿ, "ಒರೆಸ್ಕೊಂಡು ಬಾ ಕಣಮ್ಮಿ" ಅಂದಳು. ಊರಿಗೆ ಮಾತ್ರ ಅದು ಗೊತ್ತಾಗಬಾರದು. ಯಾರಾದರೂ ಬಂದರೆ ಚೀಲ ಮಂಚದ ಕೆಳಗೆ ಸೇರುತ್ತಿತ್ತು, ಹುಡುಗಿ ಬಾಗಿಲ ಹಿಂದೆ.

ಮರುವರ್ಷ ಮತ್ತೆ ಅಂಥದ್ದೇ ಮಳೆ ಹಿಡಿಯಿತು. ಏರಿ ಜಿನುಗುತ್ತಿದೆ, ಕೆಳಗಲ ಬೀದಿಯವರೆಲ್ಲ ಶಾಲೆಗೆ ಹೋಗಿ ಎಂದು ಸಂಜೆ ನಾಲ್ಕಕ್ಕೆ ತಮಟೆ ಹೊಡೆದರು. ಆ ಸಲ ಏರಿ ಒಡೆಯಲಿಲ್ಲ, ಆದರೆ ಅದು ಗೊತ್ತಾದದ್ದು ಮರುದಿನ. ನಾನು ರಿಜಿಸ್ಟರ್ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಬೇರೆ ಕಾಗದ ಬೇಕಾಗದ ಹಾಗೆ, ಕಾಲು, ಕಣ್ಣು, ಕಿವಿ ಇಲ್ಲದವರ ಗೆರೆಯನ್ನು ಮೊದಲನೇ ಪುಟದಲ್ಲೇ ಹೊಡೆದಿದ್ದೆ. ಜನ ಬಂದರು, ದೊಡ್ಡಮಾದಮ್ಮ ಎರಡು ಕೋಳಿ ತಲೆಕೆಳಗು ಹಿಡಿದು ಬಂದಳು. ಅವಳ ಹಿಂದೆ, ಮಂಡಿಯುದ್ದ ಕೆಸರಲ್ಲಿ, ಸುಂದ್ರಮ್ಮ ಬರುತ್ತಿದ್ದಳು.

ಚರ್ಮ ನೆನೆಯಬಾರದೆಂದು ಬೂಟು ಬಿಚ್ಚಿಸಿ ಭವ್ಯಳನ್ನು ಬೆನ್ನಿಗೆ ಹಾಕಿಕೊಂಡಿದ್ದಳು. ದೇವರ ಪಟ ಈ ಸಲ ಭವ್ಯಳ ಕೈಯಲ್ಲಿತ್ತು. ಎರಡು ಬೂಟುಗಳ ಲೇಸು ಸೇರಿಸಿ ಗಂಟು ಹಾಕಿ ಸುಂದ್ರಮ್ಮ ತನ್ನ ಕೊರಳಿಗೆ ಹಾಕಿಕೊಂಡಿದ್ದಳು. ಕಬ್ಬಿಣದ ಪಟ್ಟಿ ಹೆಜ್ಜೆ ಹೆಜ್ಜೆಗೂ ಎದೆಗೆ ಬಡಿಯುತ್ತಿತ್ತು. ಹಾಗೆಯೇ, ಹಾಡುಹಗಲಲ್ಲಿ, ಇಡೀ ಊರಿನ ಕಣ್ಣ ಮುಂದೆ, ಬೀದಿಯ ಉದ್ದಕ್ಕೂ ನಡೆದು ಬಂದಳು. ಗಂಡಸರು ದಾರಿ ಬಿಟ್ಟು ಸರಿದರು.

ದೊಡ್ಡಮಾದಮ್ಮ ತಿರುಗಿ ನೋಡಿದಳು. "ಅಯ್ಯೋ ಸುಂದ್ರಿ, ಕತ್ನಲ್ಲಿ ಏನಮ್ಮಿ ಅದು..."

"ಕಾಲು ಕಣಕ್ಕ" ಅಂದಳು ಸುಂದ್ರಮ್ಮ, ನಿಲ್ಲದೆ. "ನನ್ ಮಗಳ ಕಾಲು."

ದೊಡ್ಡಮಾದಮ್ಮ ಕೋಳಿಗಳನ್ನು ಕೆಳಗೆ ಬಿಟ್ಟು, ಅವಳ ಪಕ್ಕಕ್ಕೆ ಓಡಿ, ಬೂಟು ನೆನೆಯದಂತೆ ತನ್ನ ಸೆರಗನ್ನು ಅಡ್ಡ ಹಿಡಿದು ಜೊತೆಯಲ್ಲೇ ನಡೆದಳು.