ಸಾಲಿನ ನಡುವೆ ಏಳದ ಚಿಗವ್ವ

ಕಳೆದ ವಾರ ನಮ್ಮೂರು ಮೊರಬಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಮೊಣಕಾಲಿಗೆ ಔಡಲೆಣ್ಣೆ ಸವರಿದ ಎಕ್ಕೆ ಎಲೆ ಕಟ್ಟಿಕೊಂಡಿದ್ದಳು. ಬೆಂಕಿಯ ಮೇಲೆ ಬಾಡಿಸಿದ ಎಲೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಮನೆಯ ಎದುರಿಗಿದ್ದ ಚಿಗವ್ವನ ಮೇಲಿನ ಸಿಟ್ಟು...

ಸಂಬಂಧದಲ್ಲಿ ಅವಳು ನನಗೆ ಏನೂ ಆಗಬೇಕಿರಲಿಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಉಳ್ಳಾಗಡ್ಡಿ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಮೊದಲನೇ ಸಾಲು ಯಾವಾಗಲೂ ಅವಳದು. ಅವಳನ್ನು ದಾಟಿ ಯಾರೂ ಮುಂದೆ ಹೋಗುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಕೂತಂತೆಯೇ ಕಾಲು ಸರಿಸುತ್ತ ಈ ಒಡ್ಡಿನಿಂದ ಆ ಒಡ್ಡಿನ ತನಕ ಹೋಗಬೇಕು. ಸಾಲು ಮುಗಿಯುವ ತನಕ ಏಳುವಂತಿಲ್ಲ. ನಡುವೆ ಯಾರಾದರೂ ಎದ್ದು ಸೊಂಟ ಹಿಡಿದುಕೊಂಡರೆ ಮುಗಿಯಿತು, "ಯಾಕವಾ, ಬೀಗರು ಬರೋ ದಾರಿ ನೋಡಾಕತ್ತೀಯೇನ?" ಎಂದು ಎಲ್ಲರೂ ನಗುತ್ತಿದ್ದರು.

ನಾನು ಆಗಷ್ಟೇ ಊರಿನ ಆರೋಗ್ಯ ಕಾರ್ಯಕರ್ತೆಯಾಗಿದ್ದೆ. ಕೂತು ದುಡಿಯುವವರು ಆಗಾಗ ಎದ್ದು ನಿಲ್ಲಬೇಕು, ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಹಿಂದಕ್ಕೆ ಬಾಗಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ಹೆಗಲು ತಿರುಗಿಸಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದರು. ಎರಡು ನಿಮಿಷದ ಕೆಲಸ. ಊರನ್ನೇ ಉದ್ಧಾರ ಮಾಡುವ ಹುರುಪಿನಲ್ಲಿ ಮೊದಲು ಚಿಗವ್ವನ ಮನೆಗೇ ಹೋದೆ.

"ಮುಂಜಾನಿಂದ ಸಂಜಿತನಕ ದುಡಿದಿರ್ತೀವಿ. ಮತ್ಯಾತರ ವ್ಯಾಯಾಮ ಬೇ? ಅದು ಉಂಡಿದ್ದು ಅರಗದವರು ಮಾಡೋದು" ಅಂದಳು.

"ಒಂದ ನಮೂನಿ ಕುಂತು ಕುಂತು ಮೊಣಕಾಲು ಸವೀತಾವ ಚಿಗವ್ವಾ. ದುಡಿಮಿ ಬ್ಯಾರೆ, ವ್ಯಾಯಾಮ ಬ್ಯಾರೆ."

ಅವಳು ಕೇಳಲಿಲ್ಲ. ಉಳಿದವರನ್ನು ನಳದ ಹತ್ತಿರ ಒಬ್ಬೊಬ್ಬರಾಗಿ ಹಿಡಿದೆ. "ಚಿಗವ್ವ ಎದ್ದರ ನಾವೂ ಏಳ್ತೇವ್ರಿ" ಎಂದರು ಎಲ್ಲರೂ. ಹನ್ನೊಂದು ಜನರ ಮೊಣಕಾಲು ಒಬ್ಬಳ ಹಟಕ್ಕೆ ಗಂಟು ಬಿದ್ದಿದ್ದವು.

ತಮಾಷೆಯೆಂದರೆ, ಚಿಗವ್ವ ಮನೆಯಲ್ಲಿ ಮಾಡತೊಡಗಿದಳು. ಹೊಲದಿಂದ ಬಂದವಳು ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿಕೊಂಡು, ನಾನು ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ಮಾಡುತ್ತಿದ್ದಳು. ಮೈ ಹಗುರಾಗಿದೆ ಎಂದೂ ಒಪ್ಪಿಕೊಂಡಳು. ಹಾಗಾದರೆ ನಾಳೆ ಹೊಲದಲ್ಲಿ ಮಾಡು ಎಂದೆ.

"ಹೊಲದಾಗ ನಾ ನಡುವ ಎದ್ದರ ಮುದುಕಿ ಆದ್ಲು ಅಂತಾರ. ಮೊದಲನೇ ಸಾಲು ಮತ್ತೊಬ್ಬಾಕಿ ಹಿಡೀತಾಳ" ಅಂದಳು. ಅವಳಿಗೆ ಊರಲ್ಲಿದ್ದ ಮರ್ಯಾದೆಯೆಲ್ಲ ಆ ಸಾಲಿನದು. ಅದು ನನಗೆ ಗೊತ್ತಾಗುತ್ತಿರಲಿಲ್ಲ ಎಂದಲ್ಲ, ಆದರೂ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಹೊಲಕ್ಕೇ ಹೋದೆ. ಒಡ್ಡಿನ ಮೇಲೆ ನಿಂತು, "ಚಿಗವ್ವಾ, ಏಳು!" ಎಂದು ಕೂಗಿದೆ. ಕುಡಗೋಲುಗಳು ನಿಂತವು. ಎಲ್ಲರೂ ಅವಳನ್ನೇ ನೋಡಿದರು. ಅವಳು ನೆಲಕ್ಕೆ ಕೈ ಊರಿ ಅರ್ಧ ಎದ್ದಳು... ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟೇ, ಮತ್ತೆ ಕೂತು ಕಳೆ ಕಿತ್ತಳು. ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಎಲ್ಲರ ಎದುರಿಗೆ ಕೂಗಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಬೇರೆ ಏನು ಮಾಡಬೇಕಿತ್ತೋ ಇವತ್ತಿಗೂ ತಿಳಿದಿಲ್ಲ.

ಎರಡು ಹಂಗಾಮು ಕಳೆದ ಮೇಲೆ, ಸಾಲು ಮುಗಿಸಿ ಒಡ್ಡು ಮುಟ್ಟಿದವಳಿಗೆ ಏಳಲು ಆಗಲಿಲ್ಲ. ನಾಲ್ಕು ಜನ ಎತ್ತಿ ತಂದರು. ಆಮೇಲೆ ಹೊಲಕ್ಕೆ ಹೋಗಲೇ ಇಲ್ಲ. ಮೊಣಕಾಲಿಗೆ ಎಕ್ಕೆ ಎಲೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮೊದಲನೇ ಸಾಲನ್ನು ಅದೇ ಗುಂಪಿನಲ್ಲಿದ್ದ ಅವಳ ಸೊಸೆ ಹಿಡಿದಳು.

ಒಂದು ದಿನ ನನ್ನನ್ನು ಕರೆದು, "ನಮ್ಮ ಸೊಸಿಗೆ ಹೇಳವಾ, ನಡುವ ನಡುವ ಎದ್ದು ನಿಲ್ಲಂತ. ನಾ ಯಾವ ಬಾಯಿಲೆ ಹೇಳ್ಲಿ?" ಅಂದಳು.

"ಈಗ ಬುದ್ಧಿ ಬಂತೇನ?" ಎಂದುಬಿಟ್ಟೆ. ಎಷ್ಟು ದಿನದಿಂದ ನುಂಗಿಕೊಂಡಿದ್ದ ಮಾತೋ... ಅವಳು ಮುಖ ತಿರುಗಿಸಿದಳು. ನಾನೂ ಬಿಗುಮಾನದಲ್ಲಿ ಸೊಸೆಯ ಹತ್ತಿರ ಹೋಗದೇ ಉಳಿದೆ. ಕಳೆದ ವರ್ಷ ಚಿಗವ್ವ ಹೋದಳು.

ಕಳೆದ ವಾರ ಆ ಬಸ್ಸಿಳಿದವಳು ನೇರ ಹೊಲಕ್ಕೆ ಹೋದೆ. ಸೊಸೆ ಮೊದಲನೇ ಸಾಲಿನಲ್ಲಿದ್ದಳು. ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಮ್ಮತ್ತಿ ಅಷ್ಟು ವರ್ಷ ಈ ಸಾಲು ಹಿಡಿದಾಳ್ರಿ ಅಕ್ಕಾರ. ಒಂದ ದಿನಾನೂ ನಡುವ ಎದ್ದಾಕಿ ಅಲ್ಲ. ನಾ ಎದ್ದರ ಆಕೀ ಹೆಸರು ಏನಾಗಬೇಕ್ರಿ?"

"ನಿಮ್ಮತ್ತಿನ ಹೇಳ್ಯಾಳ ತಂಗಿ, ಏಳಬೇಕಂತ."

ಅವಳು ನಕ್ಕಳು. "ನಮ್ಮತ್ತಿ ಹಂಗ ಅಂದಿದ್ರ ನನಗ ಹೇಳ್ತಿದ್ಲ್ರಿ" ಎಂದು ಮುಂದಕ್ಕೆ ಸರಿದಳು. ಅವಳ ಹಿಂದೆ ಉಳಿದ ಹತ್ತೂ ಜನ ತಲೆ ಎತ್ತದೆ ಸರಿದರು.