ಕಪ್ಪಿಡಲು ಒಂದು ಜಾಗ

ಬಡಿಗೇರ ಕಾಕಾ ಅವರ ಕಿವಿಯ ರೋಮಗಳಲ್ಲಿ ಸದಾ ಕಟ್ಟಿಗೆಯ ಪುಡಿ ಕೂತಿರುತ್ತಿತ್ತು. ಬೆಳ್ಳಗಾಗಿ ಉದ್ದಕ್ಕೆ ಬೆಳೆದ ರೋಮ. ಕತ್ತರಿಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಿದ್ದೇ ಇಲ್ಲ. ಕಿವಿ ಹಳದಿಯಾಗಿದ್ದರೆ ಅಂದು ಸಾಗವಾನಿ ಕೊಯ್ದಿದ್ದಾರೆ, ಕೆಂಪಗಿದ್ದರೆ ಜಾಲಿ, ಬರೀ ಬೆಳ್ಳಗಿದ್ದರೆ ಕರೆಂಟು ಹೋಗಿದೆ ಎಂದು ನಾವು ಕಚೇರಿಯವರು ಅಂದಾಜು ಮಾಡುತ್ತಿದ್ದೆವು. ಮುರಿದ ಖುರ್ಚಿಗಳನ್ನು ರಿಪೇರಿ ಮಾಡಲು ಅವರು ಕಚೇರಿಗೆ ಬರುತ್ತಿದ್ದರು. ಸರಕಾರಿ ಖುರ್ಚಿಗಳು ಮುರಿಯುವುದು ನಿಲ್ಲುತ್ತಲೇ ಇರಲಿಲ್ಲವಾದ್ದರಿಂದ ಅವರು ಬರುವುದೂ ತಪ್ಪುತ್ತಿರಲಿಲ್ಲ.

ನಾನು ಹುಮನಾಬಾದಿನಲ್ಲಿ ಗುಮಾಸ್ತ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನನ್ನ ಆಯುಷ್ಯದ ಮುಕ್ಕಾಲು ಪಾಲು ಕಿಟಕಿಯ ಸೀಟಿಗಾಗಿ ಓಡಿದ್ದರಲ್ಲೇ ಕಳೆದಿದೆ. ಕಾಕಾ ಅವರ ಊರು ದುಬಲಗುಂಡಿ. ನಮ್ಮ ಕಚೇರಿಯ ಹಿಂದಿನ ಓಣಿಯಲ್ಲಿ ಅವರ ತಗಡಿನ ಶೆಡ್ಡು ಇತ್ತು. ಅಲ್ಲಿ ಮಾಡಿಟ್ಟ ಸಾಮಾನು ಒಂದೂ ಸಿಗುತ್ತಿರಲಿಲ್ಲ. ಯಾರಾದರೂ ಮೊಬೈಲಿನಲ್ಲಿ ಫೋಟೋ ತೋರಿಸಿ ಇಂಥದ್ದೇ ಟೀಪಾಯಿ ಬೇಕು ಅಂದರೆ ಅವರು ಕನ್ನಡಕ ಏರಿಸಿ ನೋಡಿ, "ಈ ಮನಿ ಯಾರದ್ರಿ? ಆ ಮನಿಯವ್ರನ್ನ ಕಳಸ್ರಿ, ಅವರಿಗಿ ಮಾಡಿಕೊಡ್ತೀನಿ" ಅನ್ನುತ್ತಿದ್ದರು. ಗಿರಾಕಿ ಸಿಟ್ಟಾಗಿ ಎದ್ದು ಹೋಗುತ್ತಿದ್ದ. ಕಾಕಾ ಅವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಮತ್ತೆ ರಂದಾ ಹಿಡಿದು ಹಲಗೆ ನಯ ಮಾಡತೊಡಗುತ್ತಿದ್ದರು. "ಮಂದಿ ಕೂಡೂದು ನೋಡದ ನಾ ಅಳತಿ ಹಿಡಿಯಂಗಿಲ್ರಿ" ಎಂಬುದು ಅವರ ಮಾತು. ಗಿರಾಕಿಯ ಮನೆಗೆ ಬಂದು, ಒಂದು ತಾಸು ಸುಮ್ಮನೆ ಕೂತು, ಚಹಾ ಕುಡಿದು ಹೋದ ಮೇಲೆಯೇ ಅವರ ಕೆಲಸ ಶುರು. ನನಗೆ ಇದೊಂದು ಚಟ ಅನ್ನಿಸುತ್ತಿತ್ತು. ಪುಕ್ಕಟೆ ಚಹಾದ ಆಸೆ ಎಂದು ಕಚೇರಿಯಲ್ಲಿ ನಗೆಯಾಡಿದ್ದೂ ಉಂಟು.

ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಲಕ್ವಾ ಹೊಡೆಯಿತು. ಮಾತು ತಿರುಗಿ ಬಂತು, ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವುದೂ ಬಂತು. ಬಲಗೈ ಮಾತ್ರ ಬರಲಿಲ್ಲ. ಊಟ ಹೇಗೋ ಸೊಸೆಯ ಕೈಯಿಂದ ನಡೆಯುತ್ತಿತ್ತು. ಚಹಾ ಮಾತ್ರ ನನ್ನ ಕೈಯಿಂದಲೇ ಆಗಬೇಕು. ಅನ್ನವನ್ನು ಹಸಿವಿಗಾಗಿ ಯಾರ ಕೈಯಿಂದಲಾದರೂ ತಿನ್ನಬಹುದು, ಚಹಾ ತನ್ನ ಖುಷಿಯದು, ಅದಕ್ಕೆ ಸೊಸೆಯ ಮುಂದೆ ಬಾಯಿ ತೆರೆಯಲು ಅವಳಿಗೆ ನಾಚಿಕೆ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಕಪ್ಪು, ಸಂಜೆ ಬಸ್ಸಿಳಿದು ಬಂದು ಒಂದು ಕಪ್ಪು. ಬಶಿಗೆ ಹಾಕಿ, ಊದಿ, ತುಟಿಗೆ ಹಿಡಿಯಬೇಕು. ಸೋರಿದ್ದನ್ನು ಟವೆಲಿನಲ್ಲಿ ಒರೆಸಬೇಕು. ಮೊದಲ ಮೂರು ತಿಂಗಳು ಪ್ರೀತಿಯಿಂದ ಮಾಡಿದೆ. ಆಮೇಲೆ ದಣಿದೆ. ಸಂಜೆ ಬಸ್ಸು ತಡವಾಗಲಿ, ಅಷ್ಟೊತ್ತಿಗೆ ಅವಳು ಮಲಗಿರಲಿ ಎಂದು ಬೇಡಿಕೊಂಡ ದಿನಗಳಿವೆ.

ಒಂದು ಟೀಪಾಯಿ ತಂದರೆ ಅವಳೇ ಕುಡಿಯುತ್ತಾಳೆ ಎಂದು ಯಾರೋ ಹೇಳಿದರು. ಕಲ್ಯಾಣದ ಅಂಗಡಿಯೊಂದಕ್ಕೆ ಹೋಗಿ, ಸೋಫಾದ ಬಣ್ಣಕ್ಕೆ ಹೊಂದುವ, ಮೇಲೆ ಗಾಜಿರುವ ಟೀಪಾಯಿಯನ್ನು ಹತ್ತು ನಿಮಿಷದಲ್ಲಿ ಆರಿಸಿ ತಂದೆ. ಅವಳ ಖುರ್ಚಿಯ ಬಲಕ್ಕೆ ಇಟ್ಟೆ. ಯಾಕೆ ಬಲಕ್ಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲೇ ಇಲ್ಲ. ನಮ್ಮ ಮನೆಯಲ್ಲಿ ಕೊಡುವುದು, ತೆಗೆದುಕೊಳ್ಳುವುದು, ತಿನ್ನುವುದು, ಕುಡಿಯುವುದು ಎಲ್ಲ ಬಲಗೈಯಿಂದ. ಎಡಗೈಯಲ್ಲಿ ಪ್ರಸಾದ ಹಿಡಿದದ್ದಕ್ಕೆ ಮೊಮ್ಮಗಳಿಗೆ ಇವಳೇ ಏಟು ಕೊಟ್ಟಿದ್ದಳು. ಸೊಸೆಯೂ ಸಹಜವಾಗಿ ಬಲಕ್ಕೇ ಕಪ್ಪು ತಂದಿಟ್ಟಳು.

ನಾಲ್ಕನೆಯ ದಿನ, ಎಲ್ಲರೂ ಒಳಗಿದ್ದಾಗ, ನನ್ನ ಹೆಂಡತಿ ಎಡಗೈಯನ್ನು ಮೈಮೇಲಿಂದ ಆಚೆ ಚಾಚಿ ಕಪ್ಪು ಹಿಡಿಯಲು ಹೋಗಿ ಜಾರಿಬಿದ್ದಳು. ಗಾಜು ಒಡೆಯಲಿಲ್ಲ, ಕಪ್ಪು ಒಡೆಯಿತು. ಸೀರೆಯ ತುಂಬ ಚಹಾ. ನಾನು ಓಡಿಬಂದು ಎತ್ತಿ ಕೂರಿಸಿದೆ. ಅವಳು ಅಳಲಿಲ್ಲ. "ನಾಳಿಂದ ನನಗ ಚಾ ಬ್ಯಾಡ" ಅಂದಳು.

ಮೂವತ್ತು ವರ್ಷ ದಿನಕ್ಕೆ ನಾಲ್ಕು ಸಲ ಚಹಾ ಕುಡಿದ ಹೆಂಗಸು. ನಾನು ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ನಿಜ ಹೇಳುತ್ತೇನೆ, ಅಂದು ನನಗೆ ಹಗುರವಾಯಿತು. ಮರುದಿನ ಬಸ್ಸಿನಲ್ಲಿ ಆರಾಮಾಗಿ ಕಿಟಕಿಯ ಸೀಟಿನಲ್ಲಿ ಕೂತೆ.

ಒಂದು ತಿಂಗಳಾದ ಮೇಲೆ, ನನ್ನ ಖುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಿದ್ದ ಕಾಕಾ ಅವರಿಗೆ ಮಾತಿನ ನಡುವೆ ಇದನ್ನು ಹೇಳಿದೆ. ಟೀಪಾಯಿ ದಂಡವಾಯಿತು ಎಂಬಂತೆ ಹೇಳಿದೆನೇ ಹೊರತು ಬೇರೆ ಉದ್ದೇಶವಿರಲಿಲ್ಲ. ಅವರು ಸುತ್ತಿಗೆ ಕೆಳಗಿಟ್ಟು, "ಐತವಾರ ಬರ್ತೀನ್ರಿ" ಅಂದರು.

ಭಾನುವಾರ ಬಂದರು. ಬಂದವರೇ ಜಮಖಾನದ ಮೇಲೆ ಕೂತರು. ಆ ದಿನವೇ ನಾನು ಒಂದು ವಿಷಯ ಗಮನಿಸಿದ್ದು: ನಮ್ಮ ಮನೆಯ ಸೋಫಾದ ಮೇಲೆ ಯಾರೂ ಕೂರುವುದಿಲ್ಲ. ನಾನು, ಸೊಸೆ, ಮೊಮ್ಮಗಳು ಎಲ್ಲರೂ ಕೆಳಗೆ ಕೂತು ಅದಕ್ಕೆ ಬೆನ್ನು ಆನಿಸಿಕೊಂಡಿರುತ್ತೇವೆ. ಖುರ್ಚಿಯ ಮೇಲೆ ಇರುವವಳು ಅವಳೊಬ್ಬಳೇ. ಅಳತೆಯ ಬಗ್ಗೆ ನಾನು ಬಾಯಿ ತೆರೆದೆ. ಕಾಕಾ ಕೈಯೆತ್ತಿ ತಡೆದರು.

"ಸಾಹೇಬ್ರ, ನೀವು ಜರಾ ಸುಮ್ಮಕ ಕೂಡ್ರಿ. ಕುಡಿಯೋರು ಇವರು." ಆಮೇಲೆ ಅವಳ ಕಡೆ ತಿರುಗಿದರು. "ಯಾವ ಕೈ ನಡೀತದ, ತಂಗಿ?"

"ಎಡಗೈರಿ, ಅಣ್ಣಾ."

"ಮತ್ತ ಟೀಪಾಯಿ ಬಲಕ್ಕ ಯಾಕ ಅದ?"

ಸೊಸೆ ನನ್ನ ಮುಖ ನೋಡಿದಳು. ಕಡೆಗೆ ನನ್ನ ಹೆಂಡತಿಯೇ ತಲೆ ತಗ್ಗಿಸಿ ಹೇಳಿದಳು: "ಎಡಗೈಲೆ ಹ್ಯಾಂಗ ಕುಡಿಯೂದ್ರಿ, ಸಣ್ಣವರ ಮುಂದ. ಹೊಲಸು ಕಾಣ್ತದ."

ಕಾಕಾ ಉಪದೇಶ ಮಾಡಲಿಲ್ಲ. ತಲೆಯಾಡಿಸಿ, ಸೊಸೆ ಕೊಟ್ಟ ಚಹಾ ಕುಡಿದು ಎದ್ದರು. ಮೂಲೆಯ ಹಣ್ಣಿನ ಅಂಗಡಿಯಿಂದ ಒಂದು ಖಾಲಿ ಪೆಟ್ಟಿಗೆ ಬೇಡಿ ತಂದು ಅವಳ ಎಡಕ್ಕೆ ಇಟ್ಟರು. ಚೀಲದಿಂದ ಏಳೆಂಟು ತೆಳು ಹಲಗೆ ತೆಗೆದು ಕೊಟ್ಟರು. "ದಿನಾ ಒಂದೊಂದು ಮ್ಯಾಲ ಏರಸ್ಕೋತ ಹೋಗ್ರಿ. ತಂಗಿ ಸಾಕು ಅಂದಲ್ಲಿ ನಿಲ್ಲಸ್ರಿ. ನಿಮ್ಮ ಅಂದಾಜು ಬ್ಯಾಡ. ಖಾಲಿ ಲೋಟಾ ಇಟ್ಟು ಎತ್ತಿ ನೋಡ್ಲಿ. ಬಿದ್ದರ ಬೀಳ್ಲಿ, ನೀವು ಕೈ ಹಚ್ಚಬ್ಯಾಡ್ರಿ."

ಬಸ್ಸಿಗೆ ಬಿಡಲು ಹೋದಾಗ ನಾನು ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಚಹಾ ಬಿಟ್ಟಾಗ ನನಗೆ ಹಗುರವಾದದ್ದನ್ನೂ ಹೇಳಿದೆ. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ದಣಿದ್ರಿ, ಅದು ತಪ್ಪಲ್ರಿ. ಆಕಿ ಚಾ ಬಿಟ್ಟಿದ್ದು ನಿಮಗ ಚಲೋ ಆತು ಅಂತ ಸುಮ್ಮಕಾದ್ರಲ್ಲ, ಅದು ತಪ್ಪು."

ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ, ಖುರ್ಚಿಯ ಯಾವ ಕಾಲು ಸಡಿಲ ಎಂದು ಹೇಳುವ ದನಿಯಲ್ಲೇ ಹೇಳಿದರು. ಬಸ್ಸು ಬಂತು, ಹೋದರು. ನನಗೆ ಮನೆಗೆ ತಿರುಗಿ ನಡೆಯುವುದು ಕಷ್ಟವಾಯಿತು.

ಎಂಟು ದಿನ ಆ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿತ್ತು. ಸೊಸೆ ಅದರ ಮೇಲೆ ಹಳೆಯ ಚಾದರ ಹೊದಿಸಿದಳು, ನಾನು ಎರಡು ಸಲ ಎಡವಿದೆ. ಯಾರೂ ಇಲ್ಲದಾಗ ಮಾತ್ರ ಅವಳು ಲೋಟ ಎತ್ತುತ್ತಿದ್ದಳು. ಅದು ಉರುಳಿದ ಸದ್ದು ಕೇಳಿದಾಗಲೆಲ್ಲ ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ನಿಂತಿರುತ್ತಿದ್ದೆ. ಕೈ ಹಚ್ಚದೆ ನಿಲ್ಲುವುದು ಬಶಿ ಹಿಡಿಯುವುದಕ್ಕಿಂತ ದಣಿಸುವ ಕೆಲಸ. ಐದನೆಯ ಹಲಗೆಗೆ ಅವಳು "ಸಾಕು" ಅಂದಳು. ಆದರೆ ಚಹಾ ಮಾತ್ರ ಬೇಡವೆಂದಳು.

ಮುಂದಿನ ಐತವಾರ ಕಾಕಾ ಹಲಗೆಗಳನ್ನು ಎಣಿಸಿ ಹೋದರು. ಅದರ ಮುಂದಿನ ಐತವಾರ ಟೀಪಾಯಿಯನ್ನೇ ತಂದರು. ಬಸ್ಸಿನಲ್ಲಿ ಜಾಗವಿರಲಿಲ್ಲವಂತೆ, ಅದರ ಮೇಲೆಯೇ ಕೂತು ಬಂದಿದ್ದರು. "ಕಂಡಕ್ಟರ್ ಬೈದ. ಗಟ್ಟಿ ಅದನೋ ಇಲ್ಲೋ ನೋಡಬೇಕಲ್ಲಪ ಅಂದೆ." ಜಾಲಿ ಕಟ್ಟಿಗೆಯ, ಅಗಲ ಕಡಿಮೆಯ, ನೋಡಲು ಏನೂ ಚೆಂದವಿಲ್ಲದ ಟೀಪಾಯಿ. ಕಪ್ಪು ಜಾರದಂತೆ ಸುತ್ತಲೂ ಬೆರಳಗಲ ಅಂಚು. ಅವಳು ಊರಿಕೊಂಡರೂ ಅಲುಗದಂತೆ ಅದರ ಕಾಲು ಖುರ್ಚಿಯ ಕೆಳಗೆ ಹೋಗಿ ಕೂರುತ್ತಿತ್ತು.

ಸೊಸೆ ಎಲ್ಲರಿಗೂ ಚಹಾ ತಂದಳು, ಎಡಕ್ಕಿದ್ದ ಹೊಸ ಟೀಪಾಯಿಯ ಮೇಲೂ ಒಂದು ಕಪ್ಪು ಇಟ್ಟಳು. ಕಾಕಾ ಎಡಗೈ ಚಾಚಿ ಕಪ್ಪು ತೆಗೆದುಕೊಂಡರು. ಸೊಸೆ ಒಂದು ಕ್ಷಣ ತಡೆದಳು. ಅವರು ಮಳೆಯ ಮಾತು, ತೊಗರಿಯ ಮಾತು ಆಡುತ್ತ, ಹುಟ್ಟಿದಾಗಿನಿಂದ ಎಡಗೈಯವರೇ ಎಂಬಷ್ಟು ಸಲೀಸಾಗಿ, ಒಂದು ಹನಿ ಚೆಲ್ಲದೆ ಕುಡಿದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇಷ್ಟು ವರ್ಷ ಅವರು ಎಡಗೈಯವರು ಎಂಬುದನ್ನು ನಾನು ಗಮನಿಸಿರಲೇ ಇಲ್ಲವಲ್ಲ ಎಂದುಕೊಂಡೆ. ನನ್ನ ಹೆಂಡತಿ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ತನ್ನ ಕಪ್ಪು ಎತ್ತಿದಳು. ಅದು ಅಂಚಿಗೆ ತಾಗಿತು, ತುಟಿಗೆ ಹೋಯಿತು. ನಾನು ನೆಲ ನೋಡುತ್ತ ಕೂತೆ. ಕಣ್ಣು ತುಂಬಿದ್ದನ್ನು ಸೊಸೆಗೆ ತೋರಿಸುವ ಮನಸ್ಸಿರಲಿಲ್ಲ.

ಈ ವರ್ಷ ಬೇಸಿಗೆಯ ಕೊನೆಗೆ ಕಾಕಾ ತೀರಿಕೊಂಡರು. ಮೂರು ದಿನ ಶೆಡ್ಡು ಮುಚ್ಚಿದ್ದು ನೋಡಿ ಪಕ್ಕದ ದರ್ಜಿಯನ್ನು ಕೇಳಿದಾಗ ಗೊತ್ತಾಯಿತು. ಮನೆಯವರನ್ನು ಮಾತಾಡಿಸಿ ಬರಲು ನಾನೊಬ್ಬನೇ ಹೋಗುವೆನೆಂದರೆ ಅವಳು ಕೇಳಲಿಲ್ಲ. ಬಸ್ಸು, ಆಟೋ, ಆಮೇಲೆ ಕೋಲು. ದುಬಲಗುಂಡಿಯ ಆ ಮನೆ ಮುಟ್ಟುವ ಹೊತ್ತಿಗೆ ಇಬ್ಬರೂ ಸೋತಿದ್ದೆವು. ಅಂಗಳದ ತುಂಬ ಹೆಂಗಸರು ಕೂತಿದ್ದರು. ಅವಳಿಗೊಂದು ಖುರ್ಚಿ ಹಾಕಿದರು. ಯಾರೋ ಚಹಾ ತಂದು ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ. ಸಾವಿನ ಮನೆ, ಗುರುತಿಲ್ಲದ ಮಂದಿ, ಎಡಗೈ. ನನಗೆ ಅರ್ಥವಾಯಿತು. ಆ ಕಪ್ಪು ನಾನೇ ಹಿಡಿಯಲೆಂದು ಮುಂದೆ ಬಂದೆ.

ಕಾಕಾ ಅವರ ಹೆಂಡತಿ ಅವಳ ಬಲಗೈಯನ್ನು ನೋಡಿದರು.

"ಕಲ್ಯಾಣದ ತಂಗಿ ಅಂದ್ರ ನೀನೇ ಏನವಾ?" ಅಂದರು. "ಹೋದ ವರ್ಷ ಈ ಮನುಷ್ಯಾ ಬಲಗೈ ಬಿಟ್ಟು ಎಡಗೈಲೆ ಚಾ ಕುಡಿಯಾಕ ಕುಂತಿದ್ರು. ಧೋತ್ರದ ತುಂಬ ಚಾ. ಈ ವಯಸ್ಸಿನ್ಯಾಗ ಏನ್ ಹುಚ್ಚು ಅಂತ ಬೈದೆ. ಕಲ್ಯಾಣದಾಗ ಒಬ್ಬಾಕಿ ತಂಗಿ ಅದಾಳ, ಆಕಿ ಮುಂದ ಚೆಲ್ಲಬಾರದು ಅಂದ್ರು. ಎಂಟ್ ದಿನ ನನ್ನ ಕೈಲೆ ಧೋತ್ರ ಒಗಸಿದ್ರವಾ."

ನಾನು ಹಿಂದೆ ಸರಿದೆ. ಅವಳು ಎಡಗೈ ಚಾಚಿ ಕಪ್ಪು ತೆಗೆದುಕೊಂಡಳು. ಅಷ್ಟು ಮಂದಿಯ ನಡುವೆ, ಅಳುತ್ತ ಅಳುತ್ತಲೇ, ಕಡೆಯ ಗುಟುಕಿನವರೆಗೂ ಕುಡಿದಳು.