ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ಚೆಂಡುಹೂವಿನ ಮಾಲೆ

ಅಥವಾ ಕಂಪ್ಯೂಟರಿನ ಫ್ಯಾನಿನ ಸದ್ದು ಏರಿದ ಮೇಲೆಯೇ ಮಾಲೆ ಬಂತೋ ಏನೋ. ಇಷ್ಟು ದಿನ ನಾನು ಹೇಳಿಕೊಂಡು ಬಂದಿರುವ ಕ್ರಮ ಬೇರೆ: ಮೊದಲು ಮಾಲೆ, ಆಮೇಲೆ ಸದ್ದು, ಆಮೇಲೆ ಕಂಪ್ಯೂಟರ್ ನಿಂತದ್ದು. ಹಾಗೆ ಹೇಳಿದರೆ ಎಲ್ಲೂ ಎಡವದೆ ಮುಗಿಯುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಆಯುಧ ಪೂಜೆಯ ದಿನ, ಅಷ್ಟು ಖಚಿತ. ನಾನೂ ನನ್ನ ಗಂಡನೂ ದೊಡ್ಡನೆಕ್ಕುಂದಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಇನ್ನೂ ಕಟ್ಟದ ಅಪಾರ್ಟ್‌ಮೆಂಟುಗಳ ಒಳಗೆ ನಡೆದಾಡಿದಂತೆ ಕಾಣುವ ವಿಡಿಯೊ ಮಾಡುವುದು ನನ್ನ ಕೆಲಸ. ಆ ಚಿತ್ರಗಳನ್ನು ಮೂಡಿಸುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ನಮ್ಮದು ಸೆಕೆಂಡ್ ಹ್ಯಾಂಡ್, ವಾರಂಟಿ ಇಲ್ಲ, ಇದ್ದದ್ದು ಅದೊಂದೇ. ಅದು ಸುಟ್ಟರೆ ನನಗೆ ಕೆಲಸವಿಲ್ಲ. ವಿಜಯದಶಮಿಯ ಬೆಳಿಗ್ಗೆ ಬಿಲ್ಡರ್‌ಗೆ ವಿಡಿಯೊ ಒಪ್ಪಿಸಬೇಕಿತ್ತು. ಕಾರ್ಡ್ ಮಾಮೂಲಿ ವೇಗದಲ್ಲಿ ಓಡಿದರೆ ಮುಗಿಯುವಂತಿರಲಿಲ್ಲ.

ಓವರ್‌ಕ್ಲಾಕ್ ಮಾಡೋಣ ಎಂದು ಮೊದಲು ಅಂದವರು ಯಾರು? ಗಂಡನನ್ನು ಕೇಳಿದರೆ ನೀನೇ ಎನ್ನುತ್ತಾನೆ. ಓವರ್‌ಕ್ಲಾಕ್ ಅಂದರೆ ತಯಾರಿಸಿದವರು ನಿಗದಿ ಮಾಡಿದ್ದಕ್ಕಿಂತ ಕಾರ್ಡನ್ನು ತುಸು ಜೋರಾಗಿ ಓಡಿಸುವುದು, ಅಷ್ಟೆ. ಲಾಭ ಕೊಂಚ. ಅವನು ಎಚ್ಚರದ ಮನುಷ್ಯ. ವೇಗ ಒಂದಿಷ್ಟು ಏರಿಸಿ, ಭಾರದ ಕೆಲಸ ಕೊಟ್ಟು, ಬಿಸಿ ಎಷ್ಟಾಯಿತೆಂದು ನೋಡುತ್ತಾ ಕೂತ. ಸರಿಯಿದ್ದರೆ ಇನ್ನೊಂದಿಷ್ಟು, ಕಾರ್ಡ್ ತಾಳುತ್ತಿಲ್ಲ ಎಂಬುದಕ್ಕೆ ಗುರುತಾಗಿ ಪರದೆಯ ಮೇಲೆ ಬಣ್ಣದ ಚುಕ್ಕೆ ಕಂಡರೆ ಹಿಂದಕ್ಕೆ.

"ವೋಲ್ಟೇಜ್ ಮುಟ್ಟಲ್ಲ ಕಣೇ, ಕಾರ್ಡ್ ಸುಟ್ಟೀತು," ಎಂದ. "ಮತ್ತೆ ಈ ಸ್ಪೀಡು ಆನ್ ಮಾಡಿದ ತಕ್ಷಣ ತಾನಾಗೇ ಬರೋ ಹಾಗೆ ಇಡಲ್ಲ. ಕೆಟ್ಟು ನಿಂತ್ರೆ ಹಳೇ ಸ್ಪೀಡಲ್ಲೇ ಏಳ್ಲಿ."

"ಕೆಟ್ಟು ನಿಂತ್ರೆ ಅನ್ಬೇಡ."

"ಸರಿ, ಕೆಡದೇ ನಿಂತ್ರೆ."

ಹಬ್ಬದ ದಿನ ಬೆಳಿಗ್ಗೆಯಿಂದ ಕಾರ್ಡ್ ಆ ವೇಗದಲ್ಲಿ ಓಡುತ್ತಿತ್ತು. ನಾನು ಬಿಸಿಯ ಅಂಕಿಯಿಂದ ಕಣ್ಣು ತೆಗೆಯಲಿಲ್ಲ.

ನಮ್ಮ ಓನರ್ ಆಂಟಿ ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ತಮ್ಮ ಹೊಲ ಇದ್ದ ಜಾಗದಲ್ಲೇ ಆ ಕಟ್ಟಡ ಕಟ್ಟಿಸಿದವರು. ಪೂಜೆಯಾದ ಆಯುಧ ಆ ದಿನ ದುಡಿಯಬಾರದು ಎಂಬುದು ಅವರ ಮನೆಯ ಕಟ್ಟಳೆ. ನೀರಿನ ಮೋಟರಿಗೂ ರಜೆ. ಟ್ಯಾಂಕನ್ನು ಹಿಂದಿನ ದಿನವೇ ತುಂಬಿಸಿಡುತ್ತಿದ್ದರು. ಮೋಟರು, ಬಾಡಿಗೆದಾರರ ಸ್ಕೂಟರುಗಳ ಪೂಜೆ ಮುಗಿಸಿ, ತಟ್ಟೆ ಹಿಡಿದು ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿತು. ನಮ್ಮಿಬ್ಬರಲ್ಲಿ ಯಾರದೋ ಕೈ ಪರದೆಯನ್ನು ಆರಿಸಿತು. ಪರದೆಯನ್ನು ಮಾತ್ರ. ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬ ಓಡುತ್ತಲೇ ಇತ್ತು, ಅದರ ಬಿಸಿ ಮಾತ್ರ ಈಗ ನಮಗೆ ಕಾಣುತ್ತಿರಲಿಲ್ಲ.

"ಮಿಷೀನು ಆರ್ಸಿದ್ದೀರ ತಾನೇ?"

"ಹೂಂ ಆಂಟಿ," ಎಂದ ನನ್ನ ಗಂಡ.

ಅವರು ಬಗ್ಗಿ ವಿಭೂತಿ ಎಳೆದರು. ಓಡುತ್ತಿದೆ ಎಂದು ತೋರಿಸಲು ಡಬ್ಬದ ಮುಂಭಾಗದಲ್ಲಿ ಉರಿಯುತ್ತಿದ್ದ ಪುಟ್ಟ ಹಸಿರು ದೀಪದ ಮೇಲೆಯೇ ಕುಂಕುಮ ಇಟ್ಟರು. ಬಿಸಿಗಾಳಿ ಹೊರಬರುವ ಮೇಲಿನ ಜಾಲರಿಯ ಉದ್ದಕ್ಕೂ ದಪ್ಪ ಚೆಂಡುಹೂವಿನ ಮಾಲೆ ಹೊದಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಕೊಟ್ಟೆ. ಫ್ಯಾನಿನ ಸದ್ದು ಏರತೊಡಗಿತು. ಅಥವಾ ಮೊದಲೇ ಏರಿದ್ದು ನನ್ನ ಕಿವಿಗೆ ಆಗ ಬಿತ್ತು.

"ಇದ್ಯಾಕವ್ವ, ಮಲಗಿರೋದು ಇಂಗೆ ಗೊರಕೆ ವಡೀತೈತೆ?"

"ಬಿಸಿ ಆರೋವರೆಗೂ ಹಾಗೇ ಆಂಟಿ," ಎಂದೆ.

"ನಮ್ ಯಜಮಾನ್ರಂಗೆ ಅನ್ನು." ಅವರು ಕಾಫಿಯನ್ನು ಗುಟುಕು ಗುಟುಕಾಗಿ ಕುಡಿದರು. ಅಷ್ಟು ನಿಧಾನವಾಗಿ ಕಾಫಿ ಕುಡಿದವರನ್ನು ನಾನು ಕಂಡಿಲ್ಲ. ಗೊರಕೆ ಜೋರಾಯಿತು. ಆಮೇಲೆ ಥಟ್ಟನೆ ನಿಂತಿತು. "ನೋಡು, ಮಲಗ್ತು," ಎಂದು ಎದ್ದರು. "ಸಂಜೆಗಂಟ ಊವ ತಗೀಬ್ಯಾಡಿ."

ಅವರು ಇಳಿದು ಹೋದ ಮೇಲೆ ಪರದೆಯನ್ನು ಮತ್ತೆ ಆನ್ ಮಾಡಿದೆವು. ಕಂಪ್ಯೂಟರ್ ನಿಂತು, ತಾನಾಗಿ ಮತ್ತೆ ಶುರುವಾಗಿತ್ತು. ವೇಗ ಹಳೆಯದೇ. ವಿಡಿಯೊ ಅರ್ಧಕ್ಕೆ ಉಳಿದಿತ್ತು. ಮಾಲೆಯ ಅಡಿಯ ಹೂಗಳು ಬೇಯಿಸಿದ ಸೊಪ್ಪಿನಂತೆ ಬಾಡಿದ್ದವು. ಗಂಡ ಮಾಲೆಯನ್ನು ಮೇಜಿನ ಕಾಲಿಗೆ ಸುತ್ತಿದ.

"ತೆಗೀಬೇಡಿ ಅಂದಿದ್ದಾರೆ," ಎಂದೆ.

"ತೆಗೆದಿಲ್ಲ. ಜರುಗಿಸಿದೀನಿ."

ಮತ್ತೆ ವೇಗ ಏರಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಈಜುಕೊಳದ ದೃಶ್ಯವನ್ನು ಕೈಬಿಟ್ಟು ಉಳಿದದ್ದನ್ನು ಮುಗಿಸಿದೆವು. ಬಿಲ್ಡರ್ ಈಜುಕೊಳ ಎಲ್ಲಿ ಎಂದು ಕೇಳಲಿಲ್ಲ.

ನಾವು ಅಷ್ಟು ಎಚ್ಚರದಿಂದ ಪರೀಕ್ಷಿಸಿದ್ದು ಮಾಲೆಯಿಲ್ಲದ ಡಬ್ಬವನ್ನು ಎಂದು ಗಂಡ ಈಗಲೂ ಹೇಳುತ್ತಾನೆ. ಇರಬಹುದು. ಮಾಲೆ ಇಲ್ಲದಿದ್ದರೂ ಮಧ್ಯಾಹ್ನದ ಸೆಕೆಗೆ ಅದು ನಿಲ್ಲುತ್ತಿತ್ತೋ ಏನೋ. ಈಗಲೂ ಅದೇ ಕಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಒಮ್ಮೊಮ್ಮೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಕಂಡಂತಾಗಿ, ನೋಡಿದರೆ ಇರುವುದಿಲ್ಲ. ಗಂಡನಿಗೆ ಅದು ಕಂಡೇ ಇಲ್ಲ.

ಕುಂಕುಮವನ್ನು ದೀಪದ ಮೇಲೆಯೇ ಏಕೆ ಇಟ್ಟರು ಎಂದು ಆಂಟಿಯನ್ನು ನಾನು ಕೇಳಲಿಲ್ಲ. ಕಾರ್ಡನ್ನು ನಿಲ್ಲಿಸಿದ್ದು ಮಾಲೆಯೋ ವೇಗವೋ ನನಗೆ ಗೊತ್ತಿಲ್ಲ. ಅದರೊಳಗೆ ಆ ದಿನ ಏನಾದರೂ ಸುಟ್ಟಿತೋ ಇಲ್ಲವೋ, ಅದೂ ಗೊತ್ತಿಲ್ಲ.